ಗೋದಲಿ ಇದೆ, ಊರು ಕಾಣುತ್ತಿಲ್ಲ

ನಮಸ್ಕಾರ.

ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ರಾತ್ರಿಯ ಬಗ್ಗೆ ನೀವು ಬರೆದ ‘ಗೋದಲಿಯ ರಾತ್ರಿ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಕಾಯಿಸುವುದು ಬೇಡ. ಆದರೆ ಮರಿಯಳಿಗೆ ನೋವು ಶುರುವಾದಾಗ ಯೋಸೇಫ ಏನೂ ತೋಚದೆ ಕತ್ತೆಯ ಹಗ್ಗವನ್ನೇ ಮತ್ತೆ ಮತ್ತೆ ಬಿಗಿಯುತ್ತಾನಲ್ಲ, ಆ ಸಾಲು ನನಗೆ ಹಿಡಿಸಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. (ಬೈಬಲ್ಲಿನಲ್ಲಿ ಈ ಹುಟ್ಟಿನ ಕಥೆ ಹೇಳುವವರು ಲೂಕ, ಮತ್ತಾಯ ಇಬ್ಬರೇ. ಕತ್ತೆ ಲೂಕನಲ್ಲೂ ಇಲ್ಲ, ಮತ್ತಾಯನಲ್ಲೂ ಇಲ್ಲ. ಇರಲಿ ಬಿಡಿ, ನಿಮ್ಮ ಕತ್ತೆ ಚೆನ್ನಾಗಿದೆ.)

ಎಡವಿದ್ದು ಎರಡನೇ ಪುಟದಲ್ಲಿ. ದಾರಿಯಲ್ಲಿ ಯೋಸೇಫ ಹೆಂಡತಿಗೆ, ಕ್ರಿಸ್ತಪೂರ್ವ 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಯೆರೂಸಲೇಮನ್ನು ಗೆದ್ದ ಕಥೆ ಹೇಳುತ್ತಾನೆ. ತುಂಬು ಬಸುರಿಗೆ ಯಾರಾದರೂ ಪಾಠ ಮಾಡುತ್ತಾರಾ? ಅದೂ ‘ಕ್ರಿಸ್ತಪೂರ್ವ’ ಅಂತ! ಮಗು ಇನ್ನೂ ಹುಟ್ಟೇ ಇಲ್ಲ ಸ್ವಾಮಿ.

ಇತಿಹಾಸ ಓದಿದ್ದೀರಿ, ಸಂತೋಷ. ಆದರೆ ಓದಿದ್ದನ್ನೆಲ್ಲ ಯೋಸೇಫನ ಬಾಯಿಗೆ ತುರುಕಿದ್ದೀರಿ. ಅದು ನಿಜವಾಗಿ ಬೇಕಿದ್ದ ಜಾಗ ಖಾಲಿ ಬಿದ್ದಿದೆ.

ಛತ್ರದ ದೃಶ್ಯವನ್ನೇ ನೋಡಿ. ಕಲ್ಲುಮನಸ್ಸಿನ ಯಜಮಾನ ಬಾಗಿಲು ಹಾಕಿಕೊಳ್ಳುವುದಕ್ಕೆ ಮೂರು ಪುಟ ಕೊಟ್ಟಿದ್ದೀರಿ. ಲೂಕನಲ್ಲಿ ಅಂಥ ಯಜಮಾನನೇ ಇಲ್ಲ. ಕನ್ನಡ ಬೈಬಲ್ಲಿನಲ್ಲಿ ‘ಛತ್ರ’ ಅಂತ ಓದಿ ಬೆಳೆದವರಿಗೆ ಆ ಚಿತ್ರ ಬರುವುದು ಸಹಜ. ಗ್ರೀಕ್ ಮೂಲದಲ್ಲಿರುವ ಪದ ‘ಕತಾಲುಮಾ’. ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ಕೋಣೆಗೂ ಲೂಕ ಇದೇ ಪದ ಬಳಸುತ್ತಾನೆ. ಲೂಕನಲ್ಲೇ ಬರುವ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ದುಡ್ಡು ಕೊಟ್ಟು ಉಳಿಯುವ ಛತ್ರ ಬರುತ್ತದೆ, ಅಲ್ಲಿ ಪದವೇ ಬೇರೆ. ಹಾಗಾಗಿ ಇದು ನೆಂಟರ ಮನೆಯ ಅತಿಥಿ ಕೋಣೆ ಇರಬೇಕು ಅನ್ನುವ ವಿದ್ವಾಂಸರು ಬಹಳ ಮಂದಿ. ಆ ಸೀಮೆಯ ಬಡವರ ಮನೆಗಳಲ್ಲಿ ರಾತ್ರಿ ದನಕುರಿಗಳನ್ನು ಒಳಗೇ ಕಟ್ಟುತ್ತಿದ್ದರು. ದನಗಳಿಗೆ ಮೇವು ಹಾಕುವ ಗೋದಲಿ ಮನೆಯೊಳಗೇ ಇರುತ್ತಿತ್ತು. ನಮ್ಮ ಹಳ್ಳಿಯ ಹಳೇ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ನಿಮ್ಮ ದೃಶ್ಯ ಹೇಗೆ ಬದಲಾಗುತ್ತದೆ ನೋಡಿ. ಬಾಗಿಲು ಹಾಕುವ ದುಷ್ಟ ಬೇಡ. ನೆಂಟರಿಂದ ತುಂಬಿಹೋದ ಒಂದು ಸಣ್ಣ ಮನೆ. ಯಾವಳೋ ಅತ್ತೆ ಹಸುವನ್ನು ಆಚೆ ತಳ್ಳಿ ಹುಲ್ಲು ಸರಿಮಾಡುತ್ತಾಳೆ. ಹೆರಿಗೆ ಅಂದಮೇಲೆ ಹೆಂಗಸರು ಇರಲೇಬೇಕಲ್ಲ? ನಿಮ್ಮ ಕಥೆಯಲ್ಲಿ ಮರಿಯಳನ್ನು ಬಿಟ್ಟರೆ ಒಬ್ಬ ಹೆಂಗಸೂ ಇಲ್ಲ.

ಇನ್ನು ಆಗಿನ ಅರಸ ಹೆರೋದ. ಸುಮ್ನೆ ಹಲ್ಲು ಕಡಿಯುತ್ತಾನೆ, ಅಷ್ಟೇ. ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್ಟೇ ಅವನನ್ನು ಯೆಹೂದ್ಯರ ಅರಸ ಎಂದು ಘೋಷಿಸಿತ್ತು. ಮೂಡಣದ ಜೋಯಿಸರು ಬಂದು, ಹುಟ್ಟಿರುವ ಯೆಹೂದ್ಯರ ಅರಸ ಎಲ್ಲಿ ಅಂತ ಕೇಳುವುದು ಆ ಬಿರುದು ಹೊತ್ತವನ ಊರಿನಲ್ಲೇ! ಹೆಂಡತಿ ಮರಿಯಮ್ನೆಯನ್ನು ಕೊಲ್ಲಿಸಿದವನು, ಮೂವರು ಗಂಡುಮಕ್ಕಳನ್ನೂ ಕೊಲ್ಲಿಸಿದವನು. ಮೂರನೆಯವನನ್ನು ಕೊಲ್ಲಿಸಿದ್ದು ತಾನು ಸಾಯುವ ಐದು ದಿನ ಮೊದಲು. ಅವನ ಹೆರೋದಿಯಮ್ ಕೋಟೆ ಬೆತ್ಲೆಹೇಮಿನಿಂದ ಐದಾರು ಕಿಲೋಮೀಟರ್, ಕಣ್ಣಿಗೆ ಕಾಣುವಷ್ಟು ಹತ್ತಿರ. ಬೆಳಗ್ಗೆ ನೀರು ತರಲು ಹೊರಟ ಹೆಂಗಸು ಆ ಗುಡ್ಡದ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಲಿ. ಪಾಂಪೆಯ ಪಾಠಕ್ಕಿಂತ ಅದು ಜಾಸ್ತಿ ಹೇಳುತ್ತದೆ.

ಕುರುಬರ ಭಾಗದಲ್ಲೂ ಒಂದು ವಿಷಯ ಕೈಬಿಟ್ಟಿದ್ದೀರಿ. ಕ್ರಿ.ಪೂ. 9ರಲ್ಲಿ ಏಷ್ಯಾ ಮೈನರಿನ ಗ್ರೀಕರು ಹೊರಡಿಸಿದ ಒಂದು ಆಜ್ಞೆಯ ಶಾಸನ ಅಲ್ಲಿನ ಪ್ರಿಯೇನೆ ಪಟ್ಟಣದಲ್ಲಿ ಸಿಕ್ಕಿದೆ. ರೋಮಿನ ಚಕ್ರವರ್ತಿ ಔಗುಸ್ತ ಕೈಸರನ ಹುಟ್ಟುಹಬ್ಬವೇ ಲೋಕಕ್ಕೆ ಶುಭವಾರ್ತೆಯ ಆರಂಭ, ಅವನೇ ರಕ್ಷಕ ಅನ್ನುತ್ತದೆ ಅದು. ಲೂಕ ಅದೇ ಔಗುಸ್ತನ ಹೆಸರು ಹೇಳಿ ಕಥೆ ಶುರುಮಾಡುತ್ತಾನೆ. ಆಮೇಲೆ ಶುಭವಾರ್ತೆ, ರಕ್ಷಕ ಅನ್ನುವ ಮಾತುಗಳನ್ನು ಹೊಲದಲ್ಲಿ ಕುರಿ ಕಾಯುವವರಿಗೆ ಕೇಳಿಸುತ್ತಾನೆ. ಎಂಥ ಧೈರ್ಯ! ನಿಮ್ಮ ದೇವದೂತನ ಮಾತನ್ನು ಇದನ್ನು ತಿಳಿದು ಮತ್ತೆ ಬರೆಯಿರಿ.

ಜನಗಣತಿಯ ತಾರೀಖಿನ ಜಗಳಕ್ಕೆ ಮಾತ್ರ ಕೈಹಾಕಬೇಡಿ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಅಂತ ಹೆಚ್ಚಿನವರ ಲೆಕ್ಕ. ಲೂಕ ಯೇಸುವಿನ ಹುಟ್ಟಿಗೆ ಜೋಡಿಸುವ, ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಗಣತಿ ಕ್ರಿ.ಶ. 6ರದ್ದು. ಅದನ್ನು ಕಥೆಯಲ್ಲಿ ಬಗೆಹರಿಸಲು ಆಗುವುದಿಲ್ಲ.

ಪಾಂಪೆಯನ್ನು ತೆಗೆಯಿರಿ, ಅತ್ತೆಯನ್ನು ತನ್ನಿ. ನವೆಂಬರ್ ಮೊದಲ ವಾರದೊಳಗೆ ಕಳಿಸಿದರೆ ಕ್ರಿಸ್‌ಮಸ್ ಸಂಚಿಕೆಗೆ ಮತ್ತೊಮ್ಮೆ ಓದುತ್ತೇನೆ.

ನಿಮ್ಮ,
ಸಂಪಾದಕ