ಇಟ್ಟಿಗೆ ಹೊರುವ ಕತ್ತೆಗೆ ಎಎಸ್‌ಟಿ ಹೆಚ್ಚು: ಲಿವರ್ ತೊಂದರೆಯೇ?

ಕತ್ತೆಯ ಹೊರೆ ಇಳಿಸಿದ ಕೂಡಲೇ ರಕ್ತ ತೆಗೆಸಿದ್ದೀರಿ, ಎಎಸ್‌ಟಿ (ಲಿವರ್, ಸ್ನಾಯು ಎರಡರಲ್ಲೂ ಇರುವ ಕಿಣ್ವ) ಜೊತೆಗೆ ಸಿಕೆಯೂ (ಮುಖ್ಯವಾಗಿ ಸ್ನಾಯುವಿನ ಕಿಣ್ವ) ಏರಿದೆ. ಹಾಗಾಗಿ ಇದು ಲಿವರ್‌ಗಿಂತ ದಣಿದ ಸ್ನಾಯುವಿನದೇ ಇರಬೇಕು. ರಿಪೋರ್ಟ್ ಒಂದರಿಂದಲೇ ಖಚಿತವಾಗಿ ಹೇಳಲಾಗದು.

ಮೊದಲು ಕೆಲಸ ನಿಲ್ಲಿಸಿ, ನೆರಳು, ನೀರು ಕೊಡಿ. ಮೇವು ಮಾತ್ರ ತಪ್ಪಿಸಬೇಡಿ: ಉಪವಾಸ ಬಿದ್ದ ಕತ್ತೆಯ ರಕ್ತದಲ್ಲಿ ಕೊಬ್ಬು ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಎರಡು ಮೂರು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಲಿವರ್ ತೊಂದರೆ ತೋರಿಸುವ ಜಿಜಿಟಿ ಕಿಣ್ವವನ್ನೂ ಸೇರಿಸಿ. ಸಿಕೆ ಬೇಗ ಇಳಿಯುತ್ತದೆ. ಎಎಸ್‌ಟಿ ಇಳಿಯಲು ಒಂದೆರಡು ವಾರ ಎಳೆದರೂ ಗಾಬರಿ ಬೇಡ. ಸಿಕೆ ಇಳಿಯದಿದ್ದರೆ ಸ್ನಾಯುವಿಗೆ ಇನ್ನೂ ಪೆಟ್ಟಾಗುತ್ತಿದೆ. ಲ್ಯಾಬ್‌ನವರು ಕುದುರೆಯ ಸಾಮಾನ್ಯ ಮಿತಿ ಹಾಕಿದ್ದರೆ ಒಪ್ಪಬೇಡಿ, ಆರೋಗ್ಯವಾಗಿರುವ ಕತ್ತೆಗೂ ಜಿಜಿಟಿ ಕುದುರೆಗಿಂತ ಹೆಚ್ಚೇ ಇರುತ್ತದೆ.

ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ನಡೆಯಲು ಹಿಂಜರಿದರೆ, ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕರೆಸಿ.