ಎರಡು ತುಂಡಾದ ಹಡಗು ಮುಳುಗಲಿಲ್ಲವೇಕೆ?

ಪ್ರಶ್ನೆ: ಬಂಡೆಗೆ ಸಿಕ್ಕಿದ ಉಗಿಹಡಗೊಂದನ್ನು ಸಿಡಿಮದ್ದಿನಿಂದ ಕತ್ತರಿಸಿ, ಬಳಿಕ ಹೊಸ ಮುಂಭಾಗ ಜೋಡಿಸಿದರೆಂದು ನಮ್ಮ ಶಾಲೆಯ ಮೇಷ್ಟ್ರು ಹೇಳಿದರು. ಇದು ನಿಜವೇ? ಕತ್ತರಿಸಿದ ಹಡಗು ತೇಲಿದ್ದು ಹೇಗೆ?
– ಓದುಗರು, ಪಾವಗಡ, ತುಮಕೂರು ಜಿಲ್ಲೆ

ಉತ್ತರ: ನಿಜ. ನಿಮ್ಮ ಮೇಷ್ಟ್ರು ಹೇಳಿದ್ದು ವೈಟ್ ಸ್ಟಾರ್ ಲೈನ್ ಕಂಪನಿಯ ‘ಸೂವಿಕ್’ ಹಡಗಿನ ಕಥೆ. ಆಸ್ಟ್ರೇಲಿಯಾದಿಂದ ಹೊರಟಿದ್ದ ಈ ಹಡಗು 1907ರ ಮಾರ್ಚ್ 17ರ ರಾತ್ರಿ, ದಟ್ಟ ಮಂಜಿನಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲಿಜರ್ಡ್ ಭೂಶಿರದ ಬಳಿ ಬಂಡೆಸಾಲಿಗೆ ಬಡಿಯಿತು. ದೀಪಸ್ತಂಭ ಇನ್ನೂ ದೂರದಲ್ಲಿದೆಯೆಂದು ಲೆಕ್ಕ ಹಾಕಿದ್ದ ಕಪ್ತಾನರು ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ನೋಡಿಸಿರಲಿಲ್ಲ. ನೋಡಿಸಿದ್ದರೆ ದಡ ಹತ್ತಿರವಾಗುತ್ತಿರುವುದು ತಿಳಿಯುತ್ತಿತ್ತು.

ಆ ರಾತ್ರಿ ಸುತ್ತಲಿನ ಊರುಗಳ ಸ್ವಯಂಸೇವಕರು ನಾಲ್ಕು ರಕ್ಷಣಾ ದೋಣಿಗಳಿಗೆ ಹುಟ್ಟು ಹಾಕುತ್ತ, ಅಬ್ಬರದ ಅಲೆಗಳ ನಡುವೆ ಮತ್ತೆ ಮತ್ತೆ ಹೋಗಿಬಂದು, ಹಸುಗೂಸುಗಳೂ ಸೇರಿದಂತೆ 456 ಜನರನ್ನು ದಡ ಸೇರಿಸಿದರು. ಉಳಿದವರೂ ಪಾರಾದರು, ಒಂದು ಜೀವವೂ ಹೋಗಲಿಲ್ಲ. ಕತ್ತರಿಸಿ ಜೋಡಿಸಿದ ಚಮತ್ಕಾರಕ್ಕಿಂತ ಇದೇ ದೊಡ್ಡದೆಂದು ನನ್ನ ಭಾವನೆ.

ಇನ್ನು ತೇಲಿದ ವಿಚಾರ. ಇಂಥ ಹಡಗಿನ ಒಡಲು ಒಂದೇ ದೊಡ್ಡ ಪೊಳ್ಳಲ್ಲ. ನೀರು ನುಸುಳದ ಉಕ್ಕಿನ ಅಡ್ಡಗೋಡೆಗಳು ಅದನ್ನು ಹಲವು ಕೋಣೆಗಳಾಗಿ ವಿಭಾಗಿಸಿರುತ್ತವೆ. ಸೂವಿಕ್‌ನ ಮೂತಿ ಬಂಡೆಗೆ ಕಚ್ಚಿಕೊಂಡು ನೀರು ತುಂಬಿದ್ದರೂ, ಬಾಯ್ಲರು, ಎಂಜಿನ್ನು, ಪ್ರಯಾಣಿಕರ ಕೋಣೆಗಳಿದ್ದ ಹಿಂಭಾಗ ಗಟ್ಟಿಯಾಗಿತ್ತು. ಸರಕು ಇಳಿಸಿದರೂ ಹಡಗು ಕದಲದಿದ್ದಾಗ, ಒಂದು ಅಡ್ಡಗೋಡೆಯ ಮುಂದಕ್ಕೆ, ಒಡಲಿನ ತಗಡುಗಳ ಸುತ್ತ ಡೈನಮೈಟ್ ಇಟ್ಟು ಸ್ವಲ್ಪಸ್ವಲ್ಪವಾಗಿ ಸಿಡಿಸಿ ಮುಂಭಾಗವನ್ನು ಬೇರ್ಪಡಿಸಿದರು. ಆಗ ಅದೇ ಅಡ್ಡಗೋಡೆ ಹಡಗಿನ ಹೊರಗೋಡೆಯಾಯಿತು! ಹಿಂಭಾಗವು ತನ್ನ ಎಂಜಿನ್ನಿನ ಬಲದಿಂದ, ಎಳೆದೋಣಿಗಳ ನೆರವಿನೊಡನೆ, ಸೌತಾಂಪ್ಟನ್ ಸೇರಿತು.

ಹಡಗನ್ನು ಮೊದಲು ಕಟ್ಟಿದ್ದ ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಆಂಡ್ ವೂಲ್ಫ್ ಕಾರ್ಖಾನೆಯೇ 212 ಅಡಿ ಉದ್ದದ ಹೊಸ ಮುಂಭಾಗವನ್ನು ಕಟ್ಟಿತು. ಅದನ್ನು ಸಮುದ್ರದ ಮೇಲೆ ಎಳೆತಂದು ಸೌತಾಂಪ್ಟನ್ನಿನಲ್ಲಿ ಹಿಂಭಾಗಕ್ಕೆ ಜೋಡಿಸಿದರು. 1908ರ ಜನವರಿಯಲ್ಲಿ ಸೂವಿಕ್ ಮತ್ತೆ ಆಸ್ಟ್ರೇಲಿಯಾದ ದಾರಿ ಹಿಡಿಯಿತು. ಮುಂದೆ ನಾರ್ವೆಯವರು ಕೊಂಡು, ‘ಸ್ಕಿಟ್ಟೆರೆನ್’ ಎಂದು ಹೆಸರಿಟ್ಟು, ತಿಮಿಂಗಿಲ ಬೇಟೆಗೆ ಬಳಸಿದರು. 1942ರ ಏಪ್ರಿಲ್ 1ರಂದು ಜರ್ಮನರ ಕೈಗೆ ಸಿಗಬಾರದೆಂದು ಸ್ವೀಡನ್ ತೀರದಾಚೆ ಅದರ ನಾವಿಕರೇ ಅದನ್ನು ಮುಳುಗಿಸಿದರು.