ಪ್ರತಿಕ್ರಿಯೆ: ಕುತೂಹಲದ ಕಥೆ ಓದಿಸಿದ ಮೇಲೆ ಏನು ಕೇಳಬೇಕು?

ಕುತೂಹಲಕಾರಿ ಸಣ್ಣಕಥೆ ಓದಿಸಿದರೆ ಮಕ್ಕಳು ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ಚರ್ಚೆಗೆ ಏನು ಕೇಳಲಿ ಎಂದಿದ್ದೀರಿ. ಪ್ರಶ್ನೆಗಳನ್ನೆಲ್ಲ ಕೊನೆಗೆ ಇಟ್ಟುಕೊಂಡದ್ದೇ ತೊಡಕು. ಮುಕ್ಕಾಲು ಭಾಗಕ್ಕೆ ಪುಸ್ತಕ ಮುಚ್ಚಿಸಿ, ಮುಂದಿನದನ್ನು ಊಹಿಸಲು ಹೇಳಿ. ಊಹೆಗೆ ಕಾರಣವಾದ ವಾಕ್ಯಕ್ಕೆ ಗೆರೆ ಎಳೆಸಿ. ಗೆರೆಯಿಲ್ಲದ ಊಹೆಯನ್ನು ನಾನಂತೂ ಒಪ್ಪುವುದಿಲ್ಲ.

ಆಮೇಲೆ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಕೊಡುತ್ತಿದ್ದ ಉದಾಹರಣೆ ಹೇಳಿ: ಮೇಜಿನ ಕೆಳಗಿನ ಬಾಂಬ್ ಥಟ್ಟನೆ ಸಿಡಿದರೆ ಕ್ಷಣಮಾತ್ರ ಬೆಚ್ಚುತ್ತೇವೆ, ಅದು ಅಲ್ಲಿರುವುದು ನಮಗೆ ಮೊದಲೇ ತಿಳಿದಿದ್ದು, ಸುತ್ತ ಕುಳಿತು ಹರಟುವವರಿಗೆ ತಿಳಿಯದಿದ್ದರೆ ಉಸಿರು ಬಿಗಿಹಿಡಿಯುತ್ತೇವೆ. ಈಗ ಕೇಳಿ: ಪಾತ್ರಕ್ಕಿಂತ ಮೊದಲು ನಿಮಗೆ ಗೊತ್ತಾದದ್ದು ಏನು? ಕಥೆಗಾರ ಬಚ್ಚಿಟ್ಟದ್ದು ಏನು, ಅದು ನ್ಯಾಯವೇ? ಇಲ್ಲಿ ಜಗಳವೇ ಆಗುತ್ತದೆ, ಆಗಲಿ ಬಿಡಿ. ಮನೆಗೆ ಒಂದೇ ಪ್ರಶ್ನೆ ಸಾಕು: ಎರಡನೆಯ ಓದಿನಲ್ಲಿ ಯಾವ ವಾಕ್ಯದ ಅರ್ಥ ಬದಲಾಯಿತು?